ಕೆಸುವಿನ ಎಲೆಗೆ ಬಂದ ಮಾರಿ



ಮುಂಬಯಿ, ಪುಣೆಯಲ್ಲಿರುವ ನೀವು ಅದನ್ನು ‘ಅಳೂ’ ಎಂದು ಕೇಳಿ ಕೊಳ್ಳುತ್ತೀರಿ. ದೆಹಲಿಯ ಸಂತೆಯಲ್ಲಿ ಅದರ ಗೆಡ್ಡೆಗೆ ಅರ್ಬಿ ಎಂದು ಹೆಸರು. ಚೆನ್ನೈಯಲ್ಲಿ ಸೇಪ್ಪಂಕಿಳಂಗು, ಹೈದರಾಬಾದಿನಲ್ಲಿ ಚಾಮದುಂಪ. ಗುಜರಾತಿ ನೆರೆಯವರು ಪಾತ್ರಾ ಎಂದು ತಟ್ಟೆಯಲ್ಲಿಟ್ಟು ಕೊಟ್ಟಾಗ ನೀವು ಮನಸ್ಸಿನಲ್ಲೇ ‘ಇದು ನಮ್ಮ ಪತ್ರೊಡೆಯ ತಂಗಿ’ ಎಂದುಕೊಂಡಿರುತ್ತೀರಿ. ಕನ್ನಡದಲ್ಲಿ ಅದು ಕೆಸು. ಕರಾವಳಿಯ ತುಳುವಿನಲ್ಲಿ ತೇವು. ಮೈಸೂರು ಕಡೆಯವರು ಗೆಡ್ಡೆಯನ್ನು ಶ್ಯಾಮೆಗೆಡ್ಡೆ ಎನ್ನುವುದೂ ಉಂಟು. ಊರು ಬಿಟ್ಟು ಎಷ್ಟು ವರ್ಷವಾಗಿದ್ದರೂ, ಮಳೆಗಾಲ ಹಿಡಿಯಿತೆಂದರೆ ಮಾಟುಂಗದ ಮಾರುಕಟ್ಟೆಯಲ್ಲಿ ಆ ಎಲೆಯ ಕಟ್ಟು ಕಂಡ ಕೂಡಲೇ ಕಾಲು ತಾನಾಗಿ ನಿಲ್ಲುತ್ತದೆ.

ಈ ಪುಟದಲ್ಲಿ ಸಾಮಾನ್ಯವಾಗಿ ರಾಜರ ಕಥೆ, ಶಾಸನಗಳ ಕಥೆ, ಹಳೆಯ ನಾಟಕ ಕಂಪನಿಗಳ ಕಥೆ ಬರುತ್ತದೆ. ಈ ಸಲ ಒಂದು ಎಲೆಯ ಇತಿಹಾಸ ಹೇಳೋಣ ಎನ್ನಿಸಿತು. ಎಲೆಯದೆನ್ನುವುದಕ್ಕಿಂತ ಆ ಎಲೆಗೆ ಬಂದ ರೋಗದ ಇತಿಹಾಸ. ನಾನು ಕೃಷಿ ವಿಜ್ಞಾನ ಓದಿದ್ದಲ್ಲ, ಕನ್ನಡ ಬಿ.ಎ. ಆದರೂ ಈ ಕಥೆಯಲ್ಲಿ ರಾಜ್ಯಗಳ ಏಳುಬೀಳಿನಷ್ಟೇ ಏಳುಬೀಳು ಇದೆ. ಒಂದು ಇಡೀ ದೇಶದ ಊಟದ ತಟ್ಟೆ ಕೆಲವೇ ತಿಂಗಳಲ್ಲಿ ಬರಿದಾಗುವುದು, ಅದನ್ನು ಮತ್ತೆ ತುಂಬಿಕೊಳ್ಳಲು ಹತ್ತಾರು ವರ್ಷ ಬೇಕಾಗುವುದು, ಇವೆಲ್ಲ ಇದರಲ್ಲಿ ಬರುತ್ತವೆ.

ರಾತ್ರಿ ಬರುವ ಕಳ್ಳ

ಮೊದಲು ರೋಗದ ಪರಿಚಯ. ನಮ್ಮ ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಎಲೆ ಅಂಗಮಾರಿ ಎಂಬ ಹೆಸರಿದೆ. ಹೆಸರೇ ಸಾಕು, ಅದರ ಗುಣ ಗೊತ್ತಾಗುತ್ತದೆ. ಸತತ ಮಳೆ, ತಂಪು ರಾತ್ರಿ, ಬೆಳಗಾದರೂ ಒಣಗದ ಎಲೆ, ಇವು ಮೂರೂ ಸೇರಿದರೆ ಅದು ಕಾಣಿಸಿಕೊಳ್ಳುತ್ತದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಹನಿ ಮುತ್ತಿನಂತೆ ಉರುಳಿ ಹೋಗುತ್ತದೆ. ಆದರೆ ಉರುಳಿದ ಹನಿ ಎಲೆಯ ತುದಿಯಲ್ಲೋ ಅಂಚಿನಲ್ಲೋ ತೊಟ್ಟು ಸೇರುವ ತಗ್ಗಿನಲ್ಲೋ ಒಂದಿಷ್ಟು ಹೊತ್ತು ತಂಗುತ್ತದೆ. ರೋಗದ ಮೊದಲ ಚುಕ್ಕೆ ಸಾಮಾನ್ಯವಾಗಿ ಮೂಡುವುದು ಅಲ್ಲೇ.

ಚುಕ್ಕೆ ಕಂದು ಬಣ್ಣದ್ದು, ನೀರು ಕುಡಿದಂತೆ ಕಾಣುವಂಥದ್ದು. ಅದು ದಿನದಿಂದ ದಿನಕ್ಕೆ ಬಳೆಯ ಮೇಲೆ ಬಳೆ ಇಟ್ಟಂತೆ ಸುತ್ತುಸುತ್ತಾಗಿ ಹರಡುತ್ತದೆ. ಬೆಳಗಿನ ಹೊತ್ತು ನೋಡಿದರೆ ಚುಕ್ಕೆಯ ಅಂಚಿನಲ್ಲಿ ಬಿಳಿಯ ಹುಡಿ, ನಡುವೆ ಜೇನಿನ ಬಣ್ಣದ ಸಣ್ಣ ಸಣ್ಣ ಹನಿಗಳು. ಆ ಬಿಳಿ ಹುಡಿಯೇ ರೋಗದ ಬೀಜ ಎನ್ನಬಹುದು. ಅದು ಹುಟ್ಟುವುದು ರಾತ್ರಿಯಲ್ಲಿ. ಮಳೆಹನಿ ಸಿಡಿದರೆ ಪಕ್ಕದ ಎಲೆಗೆ, ಗಾಳಿ ಬೀಸಿದರೆ ಪಕ್ಕದ ಹೊಲಕ್ಕೆ ಅದು ಹೋಗಿ ಕೂರುತ್ತದೆ. ನೀರು ಸಿಕ್ಕರೆ ಒಡೆದು, ಬಾಲವಿರುವ ಕಣಗಳಾಗಿ ಈಜಿ ಎಲೆಯೊಳಗೆ ನುಗ್ಗುತ್ತದೆ. ಎರಡು ಮೂರು ವಾರದಲ್ಲಿ ಆನೆಯ ಕಿವಿಯಂಥ ಎಲೆ ಕಪ್ಪಾಗಿ ಜೋತು ಬೀಳುತ್ತದೆ. ಎಲೆ ಇಲ್ಲವೆಂದರೆ ಗೆಡ್ಡೆಗೆ ಊಟವಿಲ್ಲ. ನೆಲದಡಿಯ ಗೆಡ್ಡೆ ನಿಂಬೆಹಣ್ಣಿನಷ್ಟಕ್ಕೇ ನಿಂತುಬಿಡುತ್ತದೆ.

ಈ ರೋಗಾಣುವನ್ನು ಮೊದಲು ವಿವರಿಸಿ ಹೆಸರಿಟ್ಟವನು ಮರಿಯನ್ ರಚಿಬೋರ್ಸ್ಕಿ ಎಂಬ ಪೋಲೆಂಡಿನ ಸಸ್ಯವಿಜ್ಞಾನಿ, 1900ರಲ್ಲಿ, ಜಾವಾ ದ್ವೀಪದಲ್ಲಿ. ಅವನಿಟ್ಟ ಹೆಸರು ಫೈಟಾಫ್ತೊರಾ ಕೊಲೊಕೇಸಿಯೆ. ಇದರ ಮೊದಲ ಪದವನ್ನು 1876ರಲ್ಲಿ ಡಿ ಬಾರಿ ಎಂಬ ಜರ್ಮನ್ ವಿಜ್ಞಾನಿ ಗ್ರೀಕ್ ಭಾಷೆಯಿಂದ ಕಟ್ಟಿದ. ‘ಗಿಡಗಳನ್ನು ನಾಶಮಾಡುವುದು’ ಎಂದು ಅರ್ಥ. ಡಿ ಬಾರಿ ಆ ಹೆಸರಿಟ್ಟದ್ದು ಆಲೂಗಡ್ಡೆಯ ಅಂಗಮಾರಿಗೆ. 1845ರಿಂದ ಐರ್ಲೆಂಡಿನಲ್ಲಿ ಬರಗಾಲ ತಂದು ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ, ಅಷ್ಟೇ ಜನರನ್ನು ಹಡಗು ಹತ್ತಿಸಿ ದೇಶಾಂತರ ಅಟ್ಟಿದ ರೋಗ ಅದು. ಕೆಸುವಿನ ರೋಗ ಅದೇ ಮನೆತನಕ್ಕೆ ಸೇರಿದ್ದು. ನೋಡಲು ಶಿಲೀಂಧ್ರದಂತೆ ಇದ್ದರೂ ಈ ಮನೆತನ ನಿಜವಾದ ಶಿಲೀಂಧ್ರವಲ್ಲ, ನೀರಿನ ಪಾಚಿಗಳಿಗೆ ಹತ್ತಿರದ್ದು ಎಂದು ಈಗ ವಿಜ್ಞಾನಿಗಳು ಹೇಳುತ್ತಾರೆ. ನೀರಿನ ಮೇಲೆ ಅದಕ್ಕಿರುವ ಮೋಹಕ್ಕೆ ಇದೇ ಕಾರಣ.

ಪೂಸಾದಲ್ಲಿ ಕೆಸು, ಮಲೆನಾಡಿನಲ್ಲಿ ಅಡಿಕೆ

ದೆಹಲಿಯ ಕೇಳುಗರಿಗೆ ಪೂಸಾ ಎಂದರೆ ಊರೊಳಗಿನ ಒಂದು ಜಾಗ. ಮೂಲದಲ್ಲಿ ಪೂಸಾ ಇರುವುದು ಬಿಹಾರದಲ್ಲಿ. 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು ಅಲ್ಲಿ. 1934ರ ಭೂಕಂಪದಲ್ಲಿ ಕಟ್ಟಡ ಹಾಳಾದ ಮೇಲೆ ಸಂಸ್ಥೆ ದೆಹಲಿಗೆ ಬಂತು, ಹೆಸರೂ ಜೊತೆಯಲ್ಲೇ ಬಂತು. ಬಿಹಾರದ ಆ ಪೂಸಾದಲ್ಲಿ ಎಡ್ವಿನ್ ಜಾನ್ ಬಟ್ಲರ್ ಎಂಬ ಐರಿಷ್ ವಿಜ್ಞಾನಿ ಕೆಲಸ ಮಾಡುತ್ತಿದ್ದರು. ಭಾರತದ ಸಸ್ಯರೋಗ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಅವರೇ. 1913ರಲ್ಲಿ ಬಟ್ಲರ್ ಮತ್ತು ಜಿ. ಎಸ್. ಕುಲಕರ್ಣಿ ಇಬ್ಬರೂ ಸೇರಿ ಭಾರತದಲ್ಲಿ ಕೆಸುವಿಗೆ ಬರುವ ಈ ಅಂಗಮಾರಿಯ ಬಗ್ಗೆ ವಿವರವಾದ ಲೇಖನ ಪ್ರಕಟಿಸಿದರು. ಆಲೂಗಡ್ಡೆಯ ಬರ ಕಂಡ ನಾಡಿನಿಂದ ಬಂದವರು ಅದರ ದಾಯಾದಿ ರೋಗವನ್ನು ನಮ್ಮ ಕೆಸುವಿನ ಎಲೆಯಲ್ಲಿ ಕಂಡು ಬರೆದರು ಎಂಬುದು ಇತಿಹಾಸದ ಒಂದು ವಿಚಿತ್ರ ಕೂಡಿಕೆ.

ಸರಿಸುಮಾರು ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲೂ ಇದೇ ಮನೆತನದ ಇನ್ನೊಂದು ರೋಗದ ಬೆನ್ನು ಹತ್ತಿದವರೊಬ್ಬರಿದ್ದರು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು. ಕೊಳೆರೋಗ ಎಂದರೆ ಮಲೆನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆಷಾಢದ ಮಳೆಗೆ ಹಸಿ ಅಡಿಕೆ ಕೊಳೆತು ಉದುರುವುದನ್ನು ಕಂಡವರ ಹೊಟ್ಟೆಯ ಸಂಕಟ ಅವರಿಗೇ ಗೊತ್ತು. ನಮ್ಮ ಈ ಕನ್ನಡ ಪದ ಎಷ್ಟು ಬಲವಾಗಿತ್ತೆಂದರೆ ಇಂಗ್ಲಿಷ್ ವರದಿಗಳಲ್ಲೂ ಅದೇ ನಿಂತಿತು. ಅದಕ್ಕೂ ಮೊದಲೇ, 1876ರಲ್ಲಿ, ಕಾಫಿ ಗಿಡದ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಪೆಲಿಕ್ಯುಲೇರಿಯಾ ಕೊಳೆರೋಗ ಎಂದೇ ಹೆಸರಿಟ್ಟಿದ್ದ. ಲ್ಯಾಟಿನ್ ಪಟ್ಟಿಯಲ್ಲಿ ಅಚ್ಚಕನ್ನಡದ ಪದ!

ಕೊಳೆರೋಗಕ್ಕೆ ನಮ್ಮ ಹಿರಿಯರ ಮದ್ದು ಕೊಟ್ಟೆ ಕಟ್ಟುವುದು. ಮಳೆಗಾಲಕ್ಕೆ ಮೊದಲು ಪ್ರತಿ ಅಡಿಕೆ ಗೊನೆಗೂ ಒಂದು ಟೊಪ್ಪಿ ತೊಡಿಸಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ರೋಗಾಣುವಿನ ಹೆಸರು ಗೊತ್ತಿರಲಿಲ್ಲ, ಆದರೆ ನೀರನ್ನು ದೂರವಿಟ್ಟರೆ ರೋಗ ದೂರವಿರುತ್ತದೆ ಎಂಬುದು ಗೊತ್ತಿತ್ತು. ಕೋಲ್ಮನ್ ಇದಕ್ಕೆ ಬದಲಾಗಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಈ ನೀಲಿ ನೀರನ್ನು 1885ರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆಂದು ಮಿಲಾರ್ಡೆ ಎಂಬ ವಿಜ್ಞಾನಿ ಬೆಳಕಿಗೆ ತಂದಿದ್ದ. ಅಡಿಕೆಗೆ ಅದು ಕೈಹಿಡಿಯಿತು. ಇಂದಿಗೂ ಮಲೆನಾಡಿನಲ್ಲಿ ‘ಔಷಧಿ ಹೊಡೆಯುವುದು’ ಎಂದರೆ ಹೆಚ್ಚಾಗಿ ಅದೇ.

ಹಾಗಾದರೆ ಕೆಸುವಿಗೂ ಔಷಧಿ ಹೊಡೆದರಾಯಿತಲ್ಲ ಎಂದು ನೀವು ಕೇಳಬಹುದು. ಕಷ್ಟ ಇರುವುದು ಇಲ್ಲೇ. ನೀರು ನಿಲ್ಲದ ಎಲೆಯ ಮೇಲೆ ಔಷಧಿಯೂ ನಿಲ್ಲುವುದಿಲ್ಲ. ಅಂಟಿಕೊಳ್ಳುವಂತೆ ಏನಾದರೂ ಬೆರೆಸಿ ಹೊಡೆದರೂ ರೋಗ ಜೋರಾಗುವುದು ಜಡಿಮಳೆಯಲ್ಲಿ. ಹೊಡೆದದ್ದು ಅಂದೇ ತೊಳೆದುಹೋಗುತ್ತದೆ. ಮತ್ತೆ ಹೊಡೆಯಬೇಕು, ಮತ್ತೆ ದುಡ್ಡು. ಎಲ್ಲಕ್ಕಿಂತ ಹೆಚ್ಚಾಗಿ, ಅಡಿಕೆಯ ಸಿಪ್ಪೆ ಸುಲಿದು ಎಸೆಯುತ್ತೇವೆ. ಕೆಸುವಿನಲ್ಲಿ ತಿನ್ನುವುದೇ ಎಲೆಯನ್ನು. ಇಂದು ವಿಷ ಹೊಡೆದ ಎಲೆಯನ್ನು ನಾಳೆ ಕೊಯ್ದು ಪತ್ರೊಡೆ ಮಾಡಲಾದೀತೇ?

ಈ ಪ್ರಶ್ನೆ ನಮಗೆ ಒಂದು ತಿಂಡಿಯ ಪ್ರಶ್ನೆ. ಶಾಂತಸಾಗರದ ದ್ವೀಪವಾಸಿಗಳಿಗೆ ಅದು ಅನ್ನದ ಪ್ರಶ್ನೆ.

1993, ಸಮೋವಾ

ಸಮೋವಾ ನ್ಯೂಜಿಲೆಂಡಿನ ಉತ್ತರಕ್ಕೆ, ನಡುಸಮುದ್ರದಲ್ಲಿರುವ ಪುಟ್ಟ ದೇಶ. ಉಪೋಲು ಮತ್ತು ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳು. 1990ರ ದಶಕದ ಆರಂಭದಲ್ಲಿ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. ನಮ್ಮ ಒಂದು ಜಿಲ್ಲಾ ಕೇಂದ್ರದಷ್ಟು ಜನ. ಅಲ್ಲಿ ಕೆಸುವಿಗೆ ತಾಲೊ ಎನ್ನುತ್ತಾರೆ. ನಮ್ಮ ಅರ್ಬಿಯಂತೆ ಗುಂಪುಗುಂಪಾದ ಮರಿಗೆಡ್ಡೆಯಲ್ಲ, ಒಂದೇ ದೊಡ್ಡ ತಾಯಿಗೆಡ್ಡೆ. ದಿನದ ಊಟಕ್ಕೂ ಅದೇ, ಮದುವೆಗೂ ಅದೇ, ಊರ ಹಿರಿಯರಿಗೆ ಕೊಡುವ ಕಾಣಿಕೆಗೂ ಅದೇ. ಎಳೆಯ ಎಲೆಗಳಲ್ಲಿ ತೆಂಗಿನ ಹಾಲು ಸುತ್ತಿ, ಕಾದ ಕಲ್ಲುಗಳ ಒಲೆಯಲ್ಲಿ ಬೇಯಿಸಿದರೆ ಪಾಲುಸಾಮಿ. ಅಕ್ಕಿ, ಹುಣಸೆ, ಬೆಲ್ಲ ಇಲ್ಲದ ಪತ್ರೊಡೆ ಎಂದುಕೊಳ್ಳಿ.

1990ರ ಫೆಬ್ರವರಿಯಲ್ಲಿ ಓಫಾ ಎಂಬ ಚಂಡಮಾರುತ, 1991ರ ಡಿಸೆಂಬರಿನಲ್ಲಿ ವಾಲ್ ಎಂಬ ಇನ್ನೊಂದು, ಸಮೋವಾದ ತೆಂಗು ಮತ್ತು ಹಲಸಿನ ಜಾತಿಯ ಮರಗಳನ್ನು ನೆಲಕ್ಕೆ ಕೆಡವಿದವು. ಬೇಗ ಬೆಳೆದು ಕೈಗೆ ಬರುವುದು ತಾಲೊ ಒಂದೇ. ಜನ ಸಿಕ್ಕಸಿಕ್ಕಲ್ಲೆಲ್ಲ ಅದನ್ನೇ ನೆಟ್ಟರು. ಊರಿನ ಅಡುಗೆಗೆ ಮಾತ್ರವಲ್ಲ, ಹೊರದೇಶಕ್ಕೆ ಕಳಿಸುವುದಕ್ಕೂ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಿಗೆ ದುಡಿಮೆಗೆ ಹೋದ ಸಮೋವಾದವರು ಬಹಳ. ಪರವೂರಿನಲ್ಲಿದ್ದವರಿಗೆ ತಾಯ್ನಾಡಿನ ಗೆಡ್ಡೆಯೇ ಬೇಕು. ಈ ಆಸೆ ಎಂಥದ್ದೆಂದು, ಕೇಳುಗರೇ, ನಿಮಗೆ ನಾನು ಹೇಳಬೇಕೆ? ಆ ಆಸೆಯ ಮೇಲೆ ಒಂದು ದೊಡ್ಡ ವ್ಯಾಪಾರ ನಿಂತಿತ್ತು. 1993ರ ಹೊತ್ತಿಗೆ ದೇಶದ ರಫ್ತಿನ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೆಸುವಿನದೇ.

ಹೊರದೇಶದ ಪೇಟೆಗೆ ಒಂದೇ ಬಗೆಯ ಗೆಡ್ಡೆ ಇಷ್ಟ. ತಾಲೊ ನಿಯುವೆ ಎಂಬ ತಳಿ. ರುಚಿ ಚೆನ್ನ, ಬಣ್ಣ ಚೆನ್ನ, ಹಡಗಿನಲ್ಲಿ ಕೆಡದೆ ಹೋಗುತ್ತದೆ. ಹಾಗಾಗಿ ಹೊಲದ ಮೇಲೆ ಹೊಲ ಅದನ್ನೇ ನೆಟ್ಟರು. ಕೆಸುವನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ, ಗೆಡ್ಡೆಯ ತಲೆಯನ್ನು ದಂಟಿನ ಸಮೇತ ಕತ್ತರಿಸಿ ನೆಡುತ್ತಾರೆ. ಅಂದರೆ ಸಾವಿರ ಗಿಡ ಕಂಡರೂ ಅವು ಸಾವಿರ ಗಿಡವಲ್ಲ, ಒಂದೇ ಗಿಡದ ಸಾವಿರ ತುಂಡು. ಒಂದಕ್ಕೆ ಯಾವ ರೋಗ ಹಿಡಿಯುತ್ತದೋ ಅಷ್ಟಕ್ಕೂ ಹಿಡಿಯುತ್ತದೆ. ಐರ್ಲೆಂಡಿನಲ್ಲೂ ಹೀಗೇ ಆಗಿತ್ತು. ಅಲ್ಲಿನ ಬಡವರು ಲಂಪರ್ ಎಂಬ ಒಂದೇ ತಳಿಯ ಆಲೂಗಡ್ಡೆಯನ್ನು ನಂಬಿದ್ದರು.

ರೋಗವಂತೂ ಏಷ್ಯಾದಿಂದ ಹೊರಟು ಒಂದೊಂದೇ ದ್ವೀಪ ದಾಟುತ್ತಾ ಬರುತ್ತಿತ್ತು. ಗುವಾಮ್, ಹವಾಯಿಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮುಟ್ಟಿತ್ತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಬೂಗನ್‌ವಿಲ್ ದ್ವೀಪದಲ್ಲಿ ಕೆಸುವಿನ ಬೆಳೆಯನ್ನು ಉರುಳಿಸಿ, ಅಲ್ಲಿನ ಜನ ಗೆಣಸಿಗೆ ತಿರುಗುವಂತೆ ಮಾಡಿತ್ತು. ಸಮೋವಾಕ್ಕೆ ಬಂದದ್ದು 1993ರ ಜುಲೈ ತಿಂಗಳಲ್ಲಿ. ಉಪೋಲು ದ್ವೀಪದ ಒಂದು ಮೂಲೆಯಲ್ಲಿ ಮೊದಲು ಕಂಡಿತು. ಕೆಲವೇ ತಿಂಗಳಲ್ಲಿ ದ್ವೀಪವನ್ನೆಲ್ಲ ಆವರಿಸಿ, ಸಮುದ್ರ ದಾಟಿ ಸವಾಯಿಗೂ ಹೋಯಿತು. ಅದೇ ವರ್ಷ ಪಕ್ಕದ ಅಮೆರಿಕನ್ ಸಮೋವಾದಲ್ಲೂ ಕಾಣಿಸಿಕೊಂಡಿತು.

ಸರ್ಕಾರ ಕೈಕಟ್ಟಿ ಕೂರಲಿಲ್ಲ. ನೆಡುವ ತುಂಡುಗಳನ್ನು ಒಂದು ಊರಿನಿಂದ ಇನ್ನೊಂದಕ್ಕೆ ಸಾಗಿಸಬಾರದೆಂದು ತಡೆ ಹಾಕಿತು. ಔಷಧಿ ಸಿಂಪಡಿಸುವ ಅಭಿಯಾನ ನಡೆಸಿತು. ಮ್ಯಾಂಕೋಜೆಬ್, ಫಾಸ್ಫರಸ್ ಆಮ್ಲದ ಔಷಧಿಗಳು ಬಂದವು. ಅವು ಕೆಲಸ ಮಾಡುವುದಿಲ್ಲವೆಂದಲ್ಲ. ಆದರೆ ದಿನವೂ ಮಳೆ ಸುರಿಯುವ ನಾಡಿನಲ್ಲಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಮತ್ತೆ ಮತ್ತೆ ಹೊಡೆಯುವ ಶಕ್ತಿ ಗುಡ್ಡದ ಮೇಲಿನ ಸಣ್ಣ ರೈತನಿಗೆಲ್ಲಿ? ಒಬ್ಬ ಹೊಡೆದರೂ ಪಕ್ಕದವನ ಹೊಲದಿಂದ ರೋಗ ಗಾಳಿಯಲ್ಲಿ ಬರುತ್ತಿತ್ತು. 1994ರಲ್ಲಿ ಕೆಸುವಿನ ರಫ್ತು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ನ್ಯೂಜಿಲೆಂಡಿನ ಅಂಗಡಿಗಳಲ್ಲಿ ಆ ಜಾಗವನ್ನು ರೋಗ ಮುಟ್ಟದ ಫಿಜಿ ದೇಶದ ಗೆಡ್ಡೆ ಹಿಡಿಯಿತು. ಊರೊಳಗೆ ಜನ ಬಾಳೆಕಾಯಿ, ಜೀಗುಜ್ಜೆ, ಕಾಡುಕೆಸುವಿನ ಜಾತಿಯ ತಾಮು ಎಂಬ ದೊಡ್ಡ ಗೆಡ್ಡೆ, ಇವುಗಳಲ್ಲಿ ದಿನ ದೂಡಿದರು. ಹೊಟ್ಟೆ ತುಂಬಿತು, ಮನಸ್ಸು ತುಂಬಲಿಲ್ಲ. ಹಬ್ಬದ ದಿನ ತಾಲೊ ಇಲ್ಲದ ಊಟವೆಂದರೆ ಯುಗಾದಿಗೆ ಒಬ್ಬಟ್ಟಿಲ್ಲದ ಮನೆಯ ಹಾಗೆ.

ಪಲಾವಿನಿಂದ ಬಂದ ನೆಂಟರು

ದಾರಿ ತೋರಿಸಿದ್ದು ಬೇರೊಂದು ದ್ವೀಪ. ಪಲಾವು ಎಂಬ ಪುಟ್ಟ ದೇಶ, ಸಮೋವಾದಿಂದ ಸಾವಿರಾರು ಮೈಲಿ ವಾಯವ್ಯಕ್ಕೆ, ಫಿಲಿಪ್ಪೀನ್ಸಿನ ಹತ್ತಿರ. ಅಲ್ಲಿ ಈ ರೋಗ ಬಹಳ ಹಿಂದಿನಿಂದ ಇತ್ತು. ಇದ್ದರೂ ಕೆಸು ಬೆಳೆಯುತ್ತಲೇ ಇತ್ತು. ಪಲಾವಿನಲ್ಲಿ ಕೆಸುವಿನ ಗದ್ದೆ ಹೆಂಗಸರದ್ದು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಗದ್ದೆಯೂ ಬರುತ್ತದೆ, ಗದ್ದೆಯಲ್ಲಿರುವ ತಳಿಗಳೂ ಬರುತ್ತವೆ. ಒಂದೊಂದು ತಳಿಗೂ ಹೆಸರಿದೆ. ಇದು ಬೇಗ ಬೇಯುತ್ತದೆ, ಇದು ಬಾಣಂತಿಗೆ ಒಳ್ಳೆಯದು, ಇದು ಮಳೆ ತಡೆಯುತ್ತದೆ ಎಂದು ನಮ್ಮ ಅಜ್ಜಿಯರು ಹಿತ್ತಲಿನ ಗಿಡಗಳ ಬಗ್ಗೆ ಹೇಳುತ್ತಿದ್ದರಲ್ಲ, ಅಂಥದ್ದೇ ಲೋಕ. ಒಂದೇ ತಳಿ ಪೇಟೆ ಹಿಡಿಯದ ಅಂಥ ಕಡೆ ರೋಗ ತಡೆಯುವ ಗಿಡಗಳೂ ಉಳಿದುಕೊಂಡಿದ್ದವು.

ಪಲಾವಿನ ಕೆಲವು ತಳಿಗಳು, ಮೈಕ್ರೊನೇಷಿಯಾದ ಇನ್ನು ಕೆಲವು, ಫಿಲಿಪ್ಪೀನ್ಸಿನ ಒಂದು ತಳಿ, ಇವನ್ನೆಲ್ಲ ಸಮೋವಾಕ್ಕೆ ತಂದು ನೆಟ್ಟು ನೋಡಿದರು. ಗಿಡ ನಿಂತಿತು. ಎಲೆಯಲ್ಲಿ ಚುಕ್ಕೆ ಬಂದರೂ ಇಡೀ ಎಲೆ ಸುಡಲಿಲ್ಲ. ಆದರೆ ಊಟಕ್ಕೆ ಕುಳಿತವರು ಪೂರ್ತಿ ಒಪ್ಪಲಿಲ್ಲ. ರುಚಿ ಬೇರೆ, ಹದ ಬೇರೆ. ರೋಗ ತಡೆದರೆ ಸಾಲದು, ನಾಲಗೆಗೂ ಹಿಡಿಸಬೇಕು.

ಆಗ ಉಪೋಲುವಿನ ಅಲಾಫುವಾದಲ್ಲಿರುವ ದಕ್ಷಿಣ ಶಾಂತಸಾಗರ ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲಿ ತಳಿ ಬೆರೆಸುವ ಕೆಲಸ ಶುರುವಾಯಿತು. ಕೆಸು ಹೂ ಬಿಡುವುದೇ ಅಪರೂಪ. ಜಿಬ್ಬೆರೆಲಿಕ್ ಆಮ್ಲ ಎಂಬ ಸಸ್ಯಚೋದಕ ಹಾಕಿ ಹೂ ಬರಿಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಸೋಕಿಸಿ, ಸಾಸಿವೆಗಿಂತ ಸಣ್ಣ ಬೀಜ ತೆಗೆದು ಸಸಿ ಮಾಡಿದರು. ಈ ಕೆಲಸದ ನಿಜವಾದ ವಿಶೇಷವೆಂದರೆ ಆಯ್ಕೆ ಮಾಡಿದವರು ವಿಜ್ಞಾನಿಗಳು ಮಾತ್ರವಲ್ಲ. ರೈತರ ಸಂಘ ಕಟ್ಟಿ, ಸಸಿಗಳನ್ನು ಅವರವರ ಹೊಲಕ್ಕೆ ಕೊಟ್ಟರು. ರೈತರು ನೆಟ್ಟರು, ಕಿತ್ತರು, ಬೇಯಿಸಿ ತಿಂದರು, ‘ಇದು ಆಗುತ್ತದೆ, ಇದು ಬೇಡ’ ಎಂದರು. ಆರಿಸಿದವನ್ನು ಮತ್ತೆ ಬೆರೆಸಿದರು. ಹೀಗೆ ಸುತ್ತಿನ ಮೇಲೆ ಸುತ್ತು.

ರೋಗವನ್ನು ಪೂರ್ತಿ ತಡೆಯುವ ಒಂದೇ ಒಂದು ಗುಣವನ್ನು ಅವರು ಹುಡುಕಲಿಲ್ಲ ಎಂಬುದನ್ನು ಗಮನಿಸಿ. ಅಂಥ ಒಂಟಿ ಕೋಟೆಯನ್ನು ರೋಗಾಣು ಒಂದಲ್ಲ ಒಂದು ದಿನ ಒಡೆಯುತ್ತದೆ. ಸ್ವಲ್ಪ ಸ್ವಲ್ಪ ತಡೆಯುವ ಹಲವು ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುತ್ತಾ ಹೋದರು. ನಿಧಾನದ ಕೆಲಸ, ಆದರೆ ಬಾಳಿಕೆ ಹೆಚ್ಚು. ನಡುವೆ, 1998ರಲ್ಲಿ, ಆಸ್ಟ್ರೇಲಿಯಾದ ನೆರವಿನಿಂದ ಟ್ಯಾರೊಜೆನ್ ಎಂಬ ಯೋಜನೆ ಶುರುವಾಗಿ ಶಾಂತಸಾಗರದ ದೇಶಗಳ ಕೆಸುವಿನ ತಳಿಗಳನ್ನು ಕಲೆಹಾಕಿತು. ಅದೇ ವರ್ಷ ಫಿಜಿಯ ಸುವಾ ನಗರದಲ್ಲಿ ತಳಿಗಳ ಭಂಡಾರವೊಂದು ಹುಟ್ಟಿತು. ಮಣ್ಣಿನ ಜೊತೆ ರೋಗವೂ ಸಾಗಿಹೋಗಬಾರದೆಂದು ಅಲ್ಲಿ ಗಿಡಗಳನ್ನು ಗಾಜಿನ ಕೊಳವೆಯಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿ, ವೈರಸ್ ಇಲ್ಲವೆಂದು ಪರೀಕ್ಷಿಸಿ ಕಳಿಸುತ್ತಾರೆ. ದ್ವೀಪಗಳ ತಳಿಗಳು ಹೆಚ್ಚುಕಡಿಮೆ ಒಂದೇ ರಕ್ತದವು, ಏಷ್ಯಾದವು ಬೇರೆ ಎಂದು ಗೊತ್ತಾದ ಮೇಲೆ ಏಷ್ಯಾದ ತಳಿಗಳನ್ನೂ ಸಮೋವಾದವುಗಳ ಜೊತೆ ಬೆರೆಸಿದರು. 2010ರ ಆಸುಪಾಸಿಗೆ ಜನ ಒಪ್ಪಿದ ಹೊಸ ತಳಿಗಳ ಗೆಡ್ಡೆ ಮತ್ತೆ ಹಡಗು ಹತ್ತಿತು. ಹತ್ತಿರಹತ್ತಿರ ಹದಿನೇಳು ವರ್ಷ!

2009-10ರಲ್ಲಿ ರೋಗ ಪಶ್ಚಿಮ ಆಫ್ರಿಕಕ್ಕೆ ನುಗ್ಗಿ ನೈಜೀರಿಯಾ, ಕ್ಯಾಮರೂನ್, ಘಾನಾದ ಬಡವರ ಹೊಲಗಳನ್ನು ಸುಟ್ಟಾಗ, ಸುವಾದ ಗಾಜಿನ ಕೊಳವೆಗಳು ಆಫ್ರಿಕಕ್ಕೂ ಹೋದವು. ಕಷ್ಟ ಕಂಡವರು ಕಷ್ಟದಲ್ಲಿದ್ದವರಿಗೆ ಕೊಟ್ಟರು.

ಅಣ್ಣನ ಮೇಲೆ ಹಕ್ಕುಪತ್ರ

ಇದೇ ಕಥೆಯ ಇನ್ನೊಂದು ಕವಲು ಹವಾಯಿಯಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲೂ ಪಲಾವಿನ ತಳಿಯನ್ನು ಹವಾಯಿಯ ತಳಿಯ ಜೊತೆ ಬೆರೆಸಿ ರೋಗ ತಡೆಯುವ ಮೂರು ಹೊಸ ತಳಿಗಳನ್ನು ಪಡೆದರು. 2002ರಲ್ಲಿ ಅವಕ್ಕೆ ಪೇಟೆಂಟ್ ಸಿಕ್ಕಿತು. ಅಂದರೆ ನೆಡುವವರು ವಿಶ್ವವಿದ್ಯಾಲಯದ ಒಪ್ಪಿಗೆ ಪಡೆಯಬೇಕು, ಶುಲ್ಕ ಕೊಡಬೇಕು.

ಹವಾಯಿಯ ಮೂಲನಿವಾಸಿಗಳ ಪುರಾಣದಲ್ಲಿ ಒಂದು ಕಥೆಯಿದೆ. ಆಕಾಶದೇವನ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತು. ಅದನ್ನು ಹೂತ ಜಾಗದಲ್ಲಿ ಹುಟ್ಟಿದ್ದೇ ಕೆಸುವಿನ ಗಿಡ, ಹಾಲೋವಾ. ಎರಡನೆಯ ಮಗು ಮನುಷ್ಯ. ಹೀಗಾಗಿ ಕೆಸು ಅವರಿಗೆ ಬೆಳೆಯಲ್ಲ, ಒಡಹುಟ್ಟಿದ ಅಣ್ಣ. ಅಣ್ಣ ಅನ್ನ ಕೊಡುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳುತ್ತಾನೆ. ಅಣ್ಣನ ಮೇಲೆ ಯಾರಾದರೂ ಹಕ್ಕುಪತ್ರ ಬರೆಸಿಕೊಳ್ಳುತ್ತಾರೆಯೇ ಎಂದು ರೈತರೂ ವಿದ್ಯಾರ್ಥಿಗಳೂ ಬೀದಿಗಿಳಿದರು. 2006ರಲ್ಲಿ ವಿಶ್ವವಿದ್ಯಾಲಯ ಆ ಮೂರೂ ಪೇಟೆಂಟುಗಳನ್ನು ಬಿಟ್ಟುಕೊಟ್ಟಿತು.

ಈ ಜಗಳವನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ. ವಿಜ್ಞಾನಿಗಳ ಶ್ರಮಕ್ಕೆ ಬೆಲೆ ಬೇಕು, ನಿಜ. ಆದರೆ ರೋಗ ತಡೆಯುವ ಗುಣವನ್ನು ಕಾಪಾಡಿಕೊಂಡು ಬಂದವರು ಪಲಾವಿನ ಆ ಹೆಂಗಸರು. ಅವರು ಯಾರ ಹತ್ತಿರವೂ ಶುಲ್ಕ ಕೇಳಿದವರಲ್ಲ. ಮಗಳ ಗದ್ದೆಗೆ, ಸೊಸೆಯ ಗದ್ದೆಗೆ ತುಂಡು ಕೊಟ್ಟೇ ತಳಿ ಉಳಿದದ್ದು.

ನಮ್ಮ ಮಣ್ಣಿನಲ್ಲಿ

ಭಾರತದಲ್ಲಿ ಗೆಡ್ಡೆ ಬೆಳೆಗಳಿಗೆಂದೇ 1963ರಲ್ಲಿ ತಿರುವನಂತಪುರದಲ್ಲಿ ಕೇಂದ್ರೀಯ ಸಂಶೋಧನಾ ಸಂಸ್ಥೆ ಹುಟ್ಟಿತು. ಭುವನೇಶ್ವರದಲ್ಲಿ ಅದರ ಶಾಖೆಯಿದೆ. ಅಂಗಮಾರಿಯನ್ನು ತಡೆದುಕೊಳ್ಳುವ ಮುಕ್ತಕೇಶಿ ಎಂಬ ಕೆಸುವಿನ ತಳಿಯನ್ನು ರೈತರಿಗೆ ಕೊಟ್ಟದ್ದು ಈ ಸಂಸ್ಥೆ. ನೆಡುವ ಗೆಡ್ಡೆಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸಿ, ಎರೆಗೊಬ್ಬರದ ಜೊತೆ ಮಣ್ಣಿಗೂ ಸೇರಿಸುವ ಕ್ರಮವನ್ನೂ ಅಲ್ಲಿ ಬೆಳೆಸಿದ್ದಾರೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದೆನ್ನುತ್ತೇವಲ್ಲ, ಹಾಗೆ.

ಉಳಿದ ಉಪಾಯಗಳು ಹಳೆಯವು, ಖರ್ಚಿಲ್ಲದವು. ರೋಗವಿಲ್ಲದ ಗಿಡದಿಂದಲೇ ನೆಡುವ ಗೆಡ್ಡೆ ಆರಿಸುವುದು. ಗಿಡಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಡುವುದು, ಎಲೆ ಬೇಗ ಒಣಗಲಿ ಎಂದು. ಚುಕ್ಕೆ ಬಿದ್ದ ಎಲೆಯನ್ನು ಕಂಡ ಕೂಡಲೇ ಕೊಯ್ದು ದೂರದಲ್ಲಿ ಹೂಳುವುದು. ಹೊಲವೆಲ್ಲ ಕೆಸುವನ್ನೇ ತುಂಬದೆ ನಡುನಡುವೆ ಬೇರೆ ಬೆಳೆ ಹಾಕುವುದು. ಹಳೆಯ ಹೊಲದ ಪಕ್ಕದಲ್ಲೇ ಹೊಸದನ್ನು ನೆಡದಿರುವುದು. ಇವುಗಳಲ್ಲಿ ಯಾವುದೊಂದೂ ಪೂರ್ತಿ ಮದ್ದಲ್ಲ. ಸಮೋವಾದಂಥ ಜಡಿಮಳೆಯಲ್ಲಿ ಎಲೆ ಕೊಯ್ಯುತ್ತಾ ಹೋದರೆ ಕೊನೆಗೆ ಗಿಡದಲ್ಲಿ ಎಲೆಯೇ ಉಳಿಯುವುದಿಲ್ಲ. ತಡೆಯುವ ತಳಿ ಇದ್ದಾಗ ಮಾತ್ರ ಉಳಿದ ಉಪಾಯಗಳಿಗೆ ಬಲ. ಸಮೋವಾ ಹದಿನೇಳು ವರ್ಷ ಕಳೆದು ಕಲಿತದ್ದು ಇದನ್ನೇ.

ಇನ್ನು ನಿಮ್ಮ ಹತ್ತಿರ ಒಂದು ಮಾತು. ನಮ್ಮ ಮಲೆನಾಡು, ಕರಾವಳಿಯ ಹಿತ್ತಲುಗಳಲ್ಲಿ ಕರಿಕೆಸು, ಬಿಳಿಕೆಸು ಎಂದು ಬಗೆಬಗೆಯ ಕೆಸುಗಳಿದ್ದವು. ಮಳೆಗಾಲದಲ್ಲಿ ಮರದ ಕವಲಿನಲ್ಲಿ ಹುಟ್ಟುವ ಮರಕೆಸು ಇದರ ಜ್ಞಾತಿ, ಬೇರೆ ಜಾತಿ. ಯಾವುದು ತುರಿಸುತ್ತದೆ, ಯಾವುದಕ್ಕೆ ಎಷ್ಟು ಹುಣಸೆಹುಳಿ ಬೇಕು, ಯಾವುದರ ದಂಟು ಸಾರಿಗೆ, ಯಾವುದರ ಎಲೆ ಪತ್ರೊಡೆಗೆ ಎಂಬುದೆಲ್ಲ ಹೆಂಗಸರ ನಾಲಗೆಯ ಮೇಲಿತ್ತು. ನಾವು ನಗರಕ್ಕೆ ಬಂದೆವು, ಹಿತ್ತಲು ಹಿಂದೆ ಉಳಿಯಿತು. ಪೇಟೆಯಲ್ಲಿ ಸಿಗುವುದು ಒಂದೋ ಎರಡೋ ಬಗೆ. ಪರವೂರಿನವರ ಆಸೆಗೆಂದು ಒಂದೇ ತಳಿ ನೆಟ್ಟ ನಾಡಿಗೆ ಏನಾಯಿತೆಂದು ನೋಡಿದೆವಲ್ಲ. ಪರವೂರಿನವರಾದ ನಮಗೂ ಅದರಲ್ಲಿ ಒಂದು ಪಾಲು ಹೊಣೆ ಇದೆ ಎಂದು ನನಗೆ ಅನ್ನಿಸುತ್ತದೆ.

ಈ ಸಲ ಊರಿಗೆ ಹೋದಾಗ ಅತ್ತೆಯನ್ನೋ ದೊಡ್ಡಮ್ಮನನ್ನೋ ಹಿತ್ತಲಿಗೆ ಕರೆದುಕೊಂಡು ಹೋಗಿ, ಎಷ್ಟು ಬಗೆಯ ಕೆಸುವಿದೆ ಎಂದು ಕೇಳಿ. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು ಬಗೆ ಒಂದೇ ಮನೆಯಲ್ಲಿದ್ದರೆ ಪಕ್ಕದ ಮನೆಗೂ ಎರಡು ಗೆಡ್ಡೆ ಕೊಡಿಸಿ. ಬಾಲ್ಕನಿಯ ಕುಂಡದಲ್ಲಿ ಒಂದನ್ನು ನೆಟ್ಟರೂ ಆಯಿತು, ಅದಕ್ಕೆ ಬೇಕಾಗುವುದು ತೇವ ಮತ್ತು ಒಂದಿಷ್ಟು ನೆರಳು. ಆ ಚೀಟಿಯ ಹೆಸರುಗಳನ್ನು ನಮ್ಮ ಕನ್ನಡ ಕಾರ್ಯಕ್ರಮದ ವಿಳಾಸಕ್ಕೆ ಬರೆದು ಕಳಿಸಿದರೆ ಪ್ರಸಾರದಲ್ಲಿ ಓದಿ ಹೇಳುವುದು ನನ್ನ ಕೆಲಸ. ಯಾವ ಊರಿನ ಯಾವ ಹಿತ್ತಲಿನಲ್ಲಿ ಏನು ಉಳಿದಿದೆ ಎಂದು ನಾಲ್ಕು ಜನಕ್ಕಾದರೂ ತಿಳಿಯಲಿ.